ರಷ್ಯಾದ ತ್ಸಾರರು, ಅಂದರೆ ಚಕ್ರವರ್ತಿಗಳು, ಮಧ್ಯ ಏಷ್ಯಾದ ಕಿರ್ಗಿಜ್ ಬುಡಕಟ್ಟು ನಾಯಕರ ಅಧಿಕಾರವನ್ನು ಕಿತ್ತುಕೊಂಡರೇ?
ಕಿತ್ತುಕೊಂಡರು ಎನ್ನುವುದಕ್ಕಿಂತ ತಮ್ಮ ಕಡತಕ್ಕೆ ಸೇರಿಸಿಕೊಂಡರು ಎನ್ನುವುದು ಸರಿ. ಉತ್ತರದ ಕಿರ್ಗಿಜರಲ್ಲಿ ಕುಲದ ನಾಯಕನಿಗೆ ‘ಮನಪ್’ ಎನ್ನುತ್ತಿದ್ದರು. ಇಸ್ಸಿಕ್ ಕುಲ್ ಸರೋವರದ ಬುಗು ಕುಲದವರು 1855ರಲ್ಲಿ ತಾವಾಗಿಯೇ ರಷ್ಯಾದ ಆಶ್ರಯಕ್ಕೆ ಬಂದರು. ನೆರೆಯ ಸರಿಬಗಿಶ್ ಕುಲದೊಡನೆ ಕಾದಾಟ ನಡೆದಿತ್ತು, ಬೆನ್ನಿಗೊಬ್ಬರು ಬೇಕಿತ್ತು, ಅಷ್ಟೆ.

1867ರ ಹೊಸ ಆಡಳಿತ ‘ವೊಲೊಸ್ತ್’ ಎಂಬ, ನಮ್ಮ ಹೋಬಳಿಯಂಥ ಘಟಕಗಳನ್ನು ಮಾಡಿತು. ಮೂರು ವರ್ಷಕ್ಕೊಮ್ಮೆ ಮುಖ್ಯಸ್ಥನ ಚುನಾವಣೆ. ತೆರಿಗೆ ಗುಡಾರಕ್ಕೆ ಇಷ್ಟೆಂದು. ಕಾಗದದ ಮೇಲೆ ಮನಪನಿಗೆ ಜಾಗವೇ ಇರಲಿಲ್ಲ. ಆದರೆ ಗೆಲ್ಲುತ್ತಿದ್ದವನು ಹೆಚ್ಚಾಗಿ ಅವನೇ, ಇಲ್ಲವೇ ಅವನ ಕಡೆಯವನು. ಚುನಾವಣೆ ಬಂತೆಂದರೆ ಬಣ ಜಗಳ, ಲಂಚ. (ಈ ಭಾಗ ನಮಗೆ ವಿವರಿಸಬೇಕಿಲ್ಲ.)

ಸರಿಬಗಿಶ್ ಮನಪ್ ಶಬ್ದಾನ್‌ನನ್ನೇ ನೋಡಿ. ರಷ್ಯಾದ ಸೇನೆಗೆ ನೆರವಾಗಿ ಲೆಫ್ಟಿನೆಂಟ್ ಕರ್ನಲ್‌ಗೆ ಸಮನಾದ ಪದವಿ ಪಡೆದ; 1883ರಲ್ಲಿ ಮಾಸ್ಕೋಗೆ ಹೋಗಿ ಮೂರನೆಯ ಅಲೆಕ್ಸಾಂಡರನ ಪಟ್ಟಾಭಿಷೇಕವನ್ನೂ ನೋಡಿ ಬಂದ. ದಕ್ಷಿಣದ ಅಲಾಯ್ ಬೆಟ್ಟಗಳಲ್ಲಿ ಕುರ್ಮಂಜಾನ್ ದತ್ಕಾ ಎಂಬ ನಾಯಕಿ 1876ರಲ್ಲಿ ರಷ್ಯನ್ನರೊಡನೆ ರಾಜಿ ಮಾಡಿಕೊಂಡಳು. ಅವಳಿಗೂ ಗೌರವ ಸಿಕ್ಕಿತು, ಆದರೆ 1895ರಲ್ಲಿ ಅವಳ ಮಗ ಕಮ್ಚಿಬೆಕ್‌ನನ್ನು ಓಶ್ ಪಟ್ಟಣದಲ್ಲಿ ಗಲ್ಲಿಗೇರಿಸಿದಾಗ ಆ ಗೌರವ ಕೆಲಸಕ್ಕೆ ಬರಲಿಲ್ಲ.

ಒಪ್ಪಂದ ಹದಗೆಟ್ಟದ್ದು ಮುಖ್ಯವಾಗಿ ನೆಲದ ವಿಷಯಕ್ಕೆ. ಚುಯ್ ಕಣಿವೆಯ ಮೇವಿನ ಬಯಲುಗಳು ವಲಸೆ ಬಂದ ರಷ್ಯನ್ ರೈತರ ಪಾಲಾದವು. 1916ರಲ್ಲಿ ಮೊದಲ ಮಹಾಯುದ್ಧದ ಕೂಲಿಗೆ ಗಂಡಸರನ್ನು ಹಿಡಿದೊಯ್ಯುವ ಆಜ್ಞೆ ಬಂದಾಗ ದಂಗೆಯೆದ್ದವರಲ್ಲಿ ಶಬ್ದಾನನ ಮಕ್ಕಳೂ ಇದ್ದರು.