ಮಗನ ‘ಐದೇ ನಿಮಿಷ’ ಮುಗಿಯುವುದೇ ಇಲ್ಲ

ಪ್ರಶ್ನೆ: ಮಗನಿಗೆ 14 ವರ್ಷ. ಶಾಲೆಯ ಬಸ್ಸು 7.40ಕ್ಕೆ. ‘ಐದೇ ನಿಮಿಷ ಅಮ್ಮಾ’ ಎಂದು ಬಚ್ಚಲಿಗೆ ಹೋದವನು ಅರ್ಧ ಗಂಟೆಯಾದರೂ ಹೊರಬರುವುದಿಲ್ಲ. ಓದಲು ಕೂತರೆ ಹತ್ತೇ ನಿಮಿಷಕ್ಕೆ ‘ಒಂದು ಗಂಟೆ ಆಯ್ತಲ್ಲ’ ಅನ್ನುತ್ತಾನೆ. ಬರೀ ಸೋಮಾರಿತನ ಅನ್ನುತ್ತಾರೆ ಇವರು. ಹೌದೇ?
– ಓದುಗರು, ಗೋಣಿಕೊಪ್ಪ

ಉತ್ತರ: ಅವನು ಸುಳ್ಳು ಹೇಳುತ್ತಿರಲಾರ, ಅವನಿಗೆ ಹಾಗೇ ಅನ್ನಿಸುತ್ತಿರಬಹುದು. ಬಣ್ಣಕ್ಕೆ ಕಣ್ಣು, ಸದ್ದಿಗೆ ಕಿವಿ ಇದ್ದಂತೆ ಹೊತ್ತಿಗೆ ಬೇರೆ ಇಂದ್ರಿಯವಿಲ್ಲ. ಮಿದುಳೇ ಅಂದಾಜು ಮಾಡಬೇಕು, ಆ ಅಂದಾಜು ಗಮನ ಎಲ್ಲಿದೆ ಎಂಬುದರ ಮೇಲೆ ಹಿಗ್ಗುತ್ತದೆ, ಕುಗ್ಗುತ್ತದೆ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಕಾದವರಿಗೆ ಇದು ಗೊತ್ತು. ಕುಂಡಿಕೆಯನ್ನೇ ನೋಡುತ್ತ ನಿಂತರೆ ಕೊನೆಯ ಹತ್ತು ನಿಮಿಷ ಸರಿಯುವುದೇ ಇಲ್ಲ. ನೆಂಟರು ಸಿಕ್ಕಿ ಮಾತಿಗೆ ನಿಂತರೆ ಅದೇ ಹತ್ತು ನಿಮಿಷ ಎತ್ತ ಹೋಯಿತೋ! (ನೆನಪಿನಲ್ಲಿ ಲೆಕ್ಕ ಉಲ್ಟಾ. ಮಳೆಗಾಲದಲ್ಲಿ ಕರೆಂಟಿಲ್ಲದೆ ಒಳಗೇ ಕೂತ ವಾರ ಆಗ ಉದ್ದ, ಆಮೇಲೆ ನೆನೆದರೆ ಚಿಕ್ಕದು. ನೆನಪಿಡುವಂಥದ್ದು ಏನೂ ನಡೆದಿರುವುದಿಲ್ಲವಲ್ಲ.)

ಬಸ್ಸು ಹಿಡಿಯಲು ಇಷ್ಟೇ ಸಾಲದು. 7.40 ಎಂಬುದನ್ನು ತಲೆಯಲ್ಲಿಟ್ಟುಕೊಂಡೇ ಸ್ನಾನ ಮಾಡಬೇಕು, ಬಾಕಿ ಕೆಲಸ ಎಣಿಸಬೇಕು, ಬಿಸಿನೀರಿನ ಸುಖ ಬಿಟ್ಟು ಏಳಬೇಕು. ಈ ಮೇಸ್ತ್ರಿಗಿರಿ ಬಹುಪಾಲು ಮಿದುಳಿನ ಮುಂಭಾಗದ್ದು. ಅದು ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಬಲಿತ ಮೇಲೂ ಏನಂತೆ, ‘ಈ ವಾರ ಕಾಫಿ ಕೊಯ್ಲು ಮುಗಿಸ್ತೇವೆ’ ಅಂದವರು ಎಷ್ಟು ಜನ ಮುಗಿಸಿದ್ದಾರೆ? ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ.

ಬೈದರೆ ಗಡಿಯಾರ ಕಾಣುವುದಿಲ್ಲ. ಬಚ್ಚಲಿನಲ್ಲೇ, ನೀರು ಸಿಡಿಯದ ಕಡೆ, ಮುಳ್ಳಿನ ಗಡಿಯಾರ ತೂಗುಹಾಕಿ. ಮೊಬೈಲ್ ಬೇಡ, ಅದೇ ಅರ್ಧ ಗಂಟೆ ನುಂಗುತ್ತದೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅವನೇ ಮೊದಲು ಬರೆಯಲಿ, ನಿಜಕ್ಕೂ ಹಿಡಿದದ್ದನ್ನು ಪಕ್ಕದಲ್ಲಿ ಬರೆಯಲಿ. ಎರಡು ವಾರ ನೀವು ಬಾಯಿ ಹಾಕಬೇಡಿ, ಕಷ್ಟವೇ. ಓದನ್ನು ಕಾಲು ಕಾಲು ಗಂಟೆಗೆ ತುಂಡು ಮಾಡಿ.

ಹನ್ನೆರಡು ವರ್ಷಕ್ಕೂ ಮೊದಲಿನಿಂದ, ಮನೆಯಲ್ಲೂ ಶಾಲೆಯಲ್ಲೂ ಗಮನ ನಿಲ್ಲದಿದ್ದರೆ, ವಸ್ತು ಕಳೆದುಕೊಳ್ಳುವುದು, ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವುದು ಇದ್ದರೆ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆಯೇ ಎಂದು ಮನೋವೈದ್ಯರಿಗೆ ತೋರಿಸಿ. ಅಂಥ ಮಕ್ಕಳಲ್ಲಿ ಹೊತ್ತಿನ ಅಂದಾಜು ಹೆಚ್ಚು ತಪ್ಪುತ್ತದೆ. ಬಸ್ಸು ತಪ್ಪಿದ್ದೊಂದನ್ನೇ ನೋಡಿ ಆ ಹೆಸರಿಡಲು ಬರುವುದಿಲ್ಲ. ಹೋಗುವಾಗ ಪ್ರೈಮರಿಯ ಅಂಕಪಟ್ಟಿಗಳನ್ನು ಒಯ್ಯಿರಿ, ಟೀಚರ್ ಬರೆದ ಷರಾ ನಮಗೆ ಅಂಕಕ್ಕಿಂತ ಉಪಯೋಗ. ಮೊದಲು ಫೋನಿನಲ್ಲೇ ಕೇಳುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416.