ವಯಸ್ಸು 19, ಜಿಗಿತ 7.10 ಮೀಟರ್. ಡಿಗ್ರಿ ಬಿಟ್ಟು ಪೂರ್ತಿ ಲಾಂಗ್ ಜಂಪ್‌ಗೆ ಇಳಿದರೆ ಭಾರತ ತಂಡ ಸೇರಬಹುದೇ?

ಒಂದು ಕಾಲಕ್ಕೆ ನನ್ನದೂ ಇದೇ ವಯಸ್ಸು, ಹೆಚ್ಚುಕಡಿಮೆ ಇದೇ ದೂರ. ನಾನು ಬಿ.ಕಾಂ. ಬಿಟ್ಟೇಬಿಟ್ಟೆ. ದಾವಣಗೆರೆಯಿಂದ ಬೆಂಗಳೂರಿಗೆ ಬಂದು ರೂಮು ಮಾಡಿದೆ. ಬೆಳಿಗ್ಗೆ ಸಂಜೆ ಕಂಠೀರವದಲ್ಲೇ ಬಿದ್ದಿದ್ದರೆ ಎಂಟು ಮೀಟರ್ ತಾನಾಗಿ ಬರುತ್ತದೆ ಅಂದುಕೊಂಡಿದ್ದೆ.

ಲಾಂಗ್ ಜಂಪರ್‌ಗೆ ದಿನವಿಡೀ ಮಾಡುವಷ್ಟು ಕೆಲಸವೇ ಇರುವುದಿಲ್ಲ ಅಂತ ಆಗ ಯಾರೂ ಹೇಳಲಿಲ್ಲ. ಪೂರ್ತಿ ರನ್‌ಅಪ್‌ನಿಂದ ಓಡಿಬಂದು ಜಿಗಿಯುವುದು ವಾರಕ್ಕೆ ಒಂದೆರಡು ದಿನ, ಅದೂ ಕೆಲವೇ ಸಲ. ಜಾಸ್ತಿ ಮಾಡಿದರೆ ಹಿಮ್ಮಡಿ, ಮಂಡಿ ಕೈಕೊಡುತ್ತವೆ. ಉಳಿದದ್ದು ಸ್ಪ್ರಿಂಟ್, ವೆಯ್ಟ್ಸ್, ಡ್ರಿಲ್ಸ್, ನಿದ್ದೆ. ಮಧ್ಯಾಹ್ನವೆಲ್ಲ ರೂಮಿನಲ್ಲಿ ಸುಮ್ನೆ ಬಿದ್ದುಕೊಂಡು ಅಪ್ಪ ಕಳಿಸುವ ದುಡ್ಡಿನ ಲೆಕ್ಕ ಹಾಕುತ್ತಿದ್ದೆ. ಕಾಲೇಜು ಬಿಟ್ಟು ಬಂದಾಗಿದೆ, ಈ ಸೀಸನ್‌ನಲ್ಲೇ ಏನಾದರೂ ಆಗಲೇಬೇಕು ಅನ್ನುವ ಅವಸರ ಹುಟ್ಟಿದ್ದು ಅಲ್ಲೇ.

ಆ ಅವಸರದಲ್ಲಿ ರನ್‌ಅಪ್ ಬದಲಿಸಿದೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು.

ಜಿಗಿಯುವ ಮುಂಚೆ ನಾನು 16 ಸ್ಟ್ರೈಡ್, ಅಂದರೆ 16 ಹೆಜ್ಜೆ, ಓಡುತ್ತಿದ್ದೆ. ಸೀನಿಯರ್‌ಗಳು 20 ಓಡುತ್ತಿದ್ದರು. ಉದ್ದ ಓಡಿದರೆ ವೇಗ ಜಾಸ್ತಿ, ವೇಗ ಜಾಸ್ತಿಯಾದರೆ ದೂರ ಜಾಸ್ತಿ. ಇದು ತಪ್ಪೇನೂ ಅಲ್ಲ. ಆದರೆ ಆ ವೇಗದಲ್ಲಿ ಬಂದು ಕಾಲಿಡಬೇಕಾದ ಬೋರ್ಡ್‌ನ ಅಗಲ ಬರೀ 20 ಸೆಂಟಿಮೀಟರ್. ಪ್ರತಿ ಹೆಜ್ಜೆ ಎರಡೇ ಸೆಂಟಿಮೀಟರ್ ಉದ್ದವಾದರೂ 20 ಹೆಜ್ಜೆಗೆ 40 ಸೆಂಟಿಮೀಟರ್ ಆಚೀಚೆ. ಕೊನೆಯ ನಾಲ್ಕೈದು ಹೆಜ್ಜೆಯಲ್ಲಿ ಕಣ್ಣೇ ಒಂದಷ್ಟು ಸರಿಮಾಡಿಕೊಳ್ಳುತ್ತದೆ. ಆದರೆ ಆ ವೇಗ ಕಾಲಿಗೆ ಹಳೆಯದಾಗಿರಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ನಾನು ಬದಲಿಸಿದ್ದು ಜೂನಿಯರ್ ತಂಡದ ಆಯ್ಕೆ ಮೀಟ್ ಹತ್ತಿರ ಬಂದಾಗ. ಕೋಚ್ ಬೇಡ ಅಂದಿದ್ದರು. ಓಟ ಎಲ್ಲಿಂದ ಶುರು ಅನ್ನುವ ಗುರುತು, ಚೆಕ್ ಮಾರ್ಕ್, ಹಾಕಿಕೊಂಡದ್ದೂ ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ, ಕಾಲು ಸೋತಿದ್ದಾಗ. ಸೋತ ಕಾಲಿನ ಹೆಜ್ಜೆ ಗಿಡ್ಡ. ಮೀಟ್ ದಿನ ಕಾಲು ತಾಜಾ, ಹಿಂದಿನಿಂದ ಗಾಳಿ, ಎದೆ ಢವಢವ. ಮೊದಲ ಜಿಗಿತದಲ್ಲಿ ಇಡೀ ಪಾದ ಬೋರ್ಡ್ ಅಂಚಿನ ಗೆರೆ ದಾಟಿತ್ತು, ಫೌಲ್. ಮಾರ್ಕನ್ನು ಒಂದು ಶೂ ಅಳತೆ ಹಿಂದಕ್ಕೆ ಸರಿಸಿದೆ. ಮತ್ತೆ ಕೆಂಪು ಬಾವುಟ. ಮೂರನೆಯದಕ್ಕೆ ಹೆದರಿ ಬೋರ್ಡ್ ನೋಡುತ್ತಾ ಓಡಿದೆ, ಕೊನೆಯಲ್ಲಿ ಹೆಜ್ಜೆ ತುಂಡುಮಾಡಿದೆ, ವೇಗವೂ ಹೋಯಿತು, ಆದರೂ ಬೆರಳ ತುದಿ ಆಚೆ. ಮೂರು ಜಿಗಿತ ಆದಮೇಲೆ ಮೊದಲ ಎಂಟು ಮಂದಿಗಷ್ಟೇ ಇನ್ನೂ ಮೂರು ಸಿಗುತ್ತವೆ. ನನಗೆ ದೂರವೇ ಇರಲಿಲ್ಲ. ಹಳೆಯ 16 ಸ್ಟ್ರೈಡ್‌ನಲ್ಲಿ ನಾನು ಪ್ರಾಕ್ಟೀಸ್‌ನಲ್ಲೇ ಜಿಗಿಯುತ್ತಿದ್ದ ದೂರ ಸಾಕಾಗಿತ್ತು, ಅದಕ್ಕಿಂತ ಕಡಿಮೆ ಜಿಗಿದವನು ತಂಡದಲ್ಲಿ ಹೋದ. ಆಮೇಲೆ ರಾಜ್ಯ ಮಟ್ಟದಲ್ಲೇ ಉಳಿದೆ. ಬಿ.ಕಾಂ. ಕೂಡ ಮುಗಿಯಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನ ಅರ್ಹತಾ ಗುರಿ 8.27 ಮೀಟರ್ ಇತ್ತು. ನಿಮಗೂ ಅದಕ್ಕೂ ಮಧ್ಯೆ ಒಂದು ಮೀಟರ್‌ಗಿಂತ ಜಾಸ್ತಿ ಇದೆ. ಡಿಗ್ರಿ ಬಿಟ್ಟರೆ ಅದರಲ್ಲಿ ಒಂದು ಸೆಂಟಿಮೀಟರೂ ಕಡಿಮೆಯಾಗುವುದಿಲ್ಲ. 8.41 ಜಿಗಿದ ಭಾರತದ ಮುರಳಿ ಶ್ರೀಶಂಕರ್ ಪಾಲಕ್ಕಾಡ್‌ನಲ್ಲಿ ಗಣಿತದ ಬಿ.ಎಸ್‌ಸಿ. ಓದುತ್ತಲೇ ಈ ಆಟದಲ್ಲಿ ಬೆಳೆದವರು. ಇನ್ನೊಂದು ವಿಷಯ, ವಿಶ್ವವಿದ್ಯಾಲಯ ಕ್ರೀಡಾಕೂಟಗಳ ಬಾಗಿಲು ತೆರೆಯುವುದೇ ಕಾಲೇಜಿನಲ್ಲಿ ಹೆಸರಿದ್ದವರಿಗೆ. ಅಖಿಲ ಭಾರತ ಅಂತರ ವಿ.ವಿ. ಕೂಟದಿಂದ ವರ್ಲ್ಡ್ ಯೂನಿವರ್ಸಿಟಿ ಗೇಮ್ಸ್‌ಗೆ ದಾರಿಯಿದೆ. ನಿಮ್ಮಂಥವರಿಗೆ ಭಾರತದ ಜೆರ್ಸಿ ಮೊದಲು ಸಿಗಬಹುದಾದ ಜಾಗ ಅದು. ಅದನ್ನೇ ಬಿಟ್ಟು ಭಾರತ ತಂಡ ಹುಡುಕುತ್ತೀರಾ?

ಶ್ರೀಶಂಕರ್ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. 2022ರ ಬರ್ಮಿಂಗ್ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಅವರೂ 8.08, ಬಹಾಮಾಸ್‌ನ ಲಕ್ವಾನ್ ನೈರ್ನ್ ಕೂಡ 8.08. ಆಗ ಎರಡನೇ ಉತ್ತಮ ಜಿಗಿತ ನೋಡುತ್ತಾರೆ. ನೈರ್ನ್‌ದು 7.98, ಇವರದು 7.84. ಬೆಳ್ಳಿಯೇ ಗತಿಯಾಯಿತು. ಅದರ ಹಿಂದಿನ ವರ್ಷ ನೈರೋಬಿಯ 20 ವರ್ಷದೊಳಗಿನವರ ವಿಶ್ವ ಕೂಟದಲ್ಲಿ, ಬೆಂಗಳೂರಿನಲ್ಲಿ ಅಂಜು ಬಾಬಿ ಜಾರ್ಜ್ ಅಕಾಡೆಮಿಯಲ್ಲಿ ಪಳಗಿದ ಶೈಲಿ ಸಿಂಗ್ 6.59 ಜಿಗಿದರು. ಚಿನ್ನ ಗೆದ್ದ ಜಿಗಿತ 6.60. ಈ ಆಟದಲ್ಲಿ ಒಂದು ದಿನದ ದೊಡ್ಡ ಜಿಗಿತಕ್ಕಿಂತ ಬೋರ್ಡ್ ತಪ್ಪದ ಕಾಲು ದೊಡ್ಡದು ಅಂತ ನನಗೆ ಅನ್ನಿಸುವುದು ಇದಕ್ಕೇ. ಗೆರೆಗಿಂತ 15 ಸೆಂಟಿಮೀಟರ್ ಹಿಂದೆಯೇ ಜಿಗಿದರೆ ಆ 15 ನಿಮ್ಮ ಲೆಕ್ಕಕ್ಕೆ ಸೇರುವುದಿಲ್ಲ, ಅಳತೆ ಗೆರೆಯಿಂದಲೇ.

ಬಿಡುವುದಾದರೆ ಡಿಗ್ರಿ ಬಿಡಬೇಡಿ, ಕಂಡಕಂಡ ಮೀಟ್‌ಗೆಲ್ಲ ಓಡುವುದನ್ನು ಬಿಡಿ. ರನ್‌ಅಪ್ ಬದಲಿಸುವುದಿದ್ದರೆ ಸೀಸನ್ ಮುಗಿದಮೇಲೆ, ಕೋಚ್ ಎದುರಿಗೆ ಮಾಡಿ. ಒಮ್ಮೆ ಬಳ್ಳಾರಿ ಕಡೆ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ತರಬೇತಿ ಸಂಸ್ಥೆಗೆ ಹೋಗಿ ಅಲ್ಲಿನವರು ಹೇಗೆ ಓಡುತ್ತಾರೆ ನೋಡಿ. ಜೆಸ್ವಿನ್ ಆಲ್ಡ್ರಿನ್ 2023ರಲ್ಲಿ 8.42ರ ರಾಷ್ಟ್ರೀಯ ದಾಖಲೆ ಮಾಡಿದ್ದು ಅಲ್ಲೇ.

ನೀವು ಎಷ್ಟು ಸ್ಟ್ರೈಡ್ ಓಡುತ್ತೀರಿ, ಆ 7.10 ಬಂದದ್ದು ಮಣ್ಣಿನ ಟ್ರ್ಯಾಕ್‌ನಲ್ಲೋ ಸಿಂಥೆಟಿಕ್‌ನಲ್ಲೋ, ಗೆರೆಗಿಂತ ಎಷ್ಟು ಹಿಂದೆ ಕಾಲಿಟ್ಟಿದ್ದಿರಿ, ಏನೂ ಬರೆದಿಲ್ಲ. ಬರೆಯಿರಿ. ನೋಡಿ ಹೇಳುತ್ತೇನೆ.