ನೆಟ್ ಇಲ್ಲದ ಕ್ಲಾಸಿಗೂ ಆಗುವಂಥವು

ವಿಜ್ಞಾನ, ಗಣಿತ, ಸಮಾಜ ಮೂರನ್ನೂ ಒಬ್ಬರೇ ತೆಗೆದುಕೊಳ್ಳಬೇಕು, ಕ್ಲಾಸಲ್ಲಿ ನೆಟ್ ಸರಿಯಾಗಿ ಸಿಗುವುದಿಲ್ಲ, ದುಡ್ಡು ಕೊಡದೆ ಏನು ಬಳಸಬಹುದು ಅಂತ ಕೇಳಿದ್ದೀರಿ, ಅಲ್ವಾ? ವಿಜ್ಞಾನಕ್ಕೆ ಮೊದಲು ಫೆಟ್ (PhET) ನೋಡಿ, ಪ್ರಯೋಗಗಳನ್ನು ಪರದೆ ಮೇಲೇ ಮಾಡಿ ನೋಡುವ ಸಿಮ್ಯುಲೇಶನ್‌ಗಳ ಜಾಲತಾಣ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾಗಿದ್ದು, ಉಚಿತ. ಸಿಮ್ಯುಲೇಶನ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಕ್ಲಾಸಲ್ಲಿ ನೆಟ್ಟೇ ಬೇಡ, ಕೆಲವು ಕನ್ನಡದಲ್ಲೂ ಇವೆ. ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಶನ್ ತೆರೆದು, ಬಲ್ಬ್ ಬಿಟ್ಟು ಬ್ಯಾಟರಿಯ ಎರಡು ತುದಿಗೂ ಬರೀ ವೈರ್ ಜೋಡಿಸಿ. ಪರದೆ ಮೇಲೆ ಬೆಂಕಿ ಹತ್ತಿಕೊಳ್ಳುತ್ತದೆ! ಶಾರ್ಟ್ ಸರ್ಕ್ಯೂಟ್ ಬಗ್ಗೆ ಆಮೇಲೆ ಜಾಸ್ತಿ ಹೇಳಬೇಕಾಗುವುದಿಲ್ಲ.

ಗಣಿತಕ್ಕೆ ಜಿಯೋಜೀಬ್ರಾ (GeoGebra), ಆಕೃತಿ ಬಿಡಿಸಿ ಎಳೆದಾಡಿ ನೋಡುವ ತಂತ್ರಾಂಶ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಕೋನಗಳು ಬದಲಾಗುತ್ತಲೇ ಇರುತ್ತವೆ, ಮೊತ್ತ ಮಾತ್ರ 180 ಡಿಗ್ರಿ ಬಿಟ್ಟು ಕದಲುವುದಿಲ್ಲ. ಇದನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ನೀವೇ ಎಳೆದು ತೋರಿಸಿದರೆ ಅರ್ಧ ಮಜಾ ಹೋಯಿತು.

ಸಮಾಜಕ್ಕೆ ವಿಕಿಮೀಡಿಯ ಕಾಮನ್ಸ್ ಅನ್ನುವ ಉಚಿತ ಚಿತ್ರಗಳ ಜಾಲತಾಣ ಸಾಕು. ಹಳೇ ನಕ್ಷೆ, ಶಾಸನ, ನಾಣ್ಯದ ಫೋಟೊ ಎಲ್ಲ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ತೆಗೆದು ಹಂಚಬಹುದು, ಫೋಟೊ ತೆಗೆದವರ ಹೆಸರು ಹಾಕುವುದನ್ನು ಮರೆಯಬೇಡಿ. ವಿಡಿಯೊ ಬೇಕಿದ್ದರೆ ಖಾನ್ ಅಕಾಡೆಮಿ ಇದೆ, ಆದರೆ ಪೀರಿಯಡ್ ಪೂರ್ತಿ ಸುಮ್ನೆ ವಿಡಿಯೊ ಓಡಿಸಿದರೆ ಹಿಂದಿನ ಬೆಂಚಿನವರು ನಿದ್ದೆ ಮಾಡುತ್ತಾರೆ. ಐದು ನಿಮಿಷ ತೋರಿಸಿ, ನಿಲ್ಲಿಸಿ, ಪ್ರಶ್ನೆ ಕೇಳಿ.